ಭಾವನ ಬಲಗೈ ಮತ್ತು ತಂಡದ ವರ್ಷ

ಪ್ರತಿ ವರ್ಷ ಜನವರಿಯ ಮೊದಲ ಭಾನುವಾರ, ತಿಂಡಿಯಾದ ಮೇಲೆ, ಭಾವ ಊಟದ ಮೇಜಿನ ಮೇಲೆ ಒಂದು ದೊಡ್ಡ ಗೆರೆಹಾಳೆ ಹರಡುತ್ತಿದ್ದರು. ಅಕ್ಕ ಚಟ್ನಿ ಬಟ್ಟಲು ಎತ್ತಿ ಮೇಜು ಒರೆಸಿಕೊಡಬೇಕು. ನಾನು ಹಾಳೆಯ ನಾಲ್ಕು ಮೂಲೆಗೆ ನಾಲ್ಕು ಸ್ಟೀಲ್ ಲೋಟ ಇಡಬೇಕು. ಭಾವ ರೈಲ್ವೆಯಲ್ಲಿದ್ದವರು. ಯಾವ ಗಾಡಿ ಯಾವ ಹೊತ್ತಿಗೆ ಎಲ್ಲಿರಬೇಕಿತ್ತು, ನಿಜವಾಗಿ ಎಲ್ಲಿದೆ ಎಂಬುದನ್ನು ಹಾಳೆಯ ಮೇಲೆ ಓರೆ ಗೆರೆಗಳಲ್ಲಿ ಎಳೆಯುವುದು ಅವರ ಕೆಲಸವಾಗಿತ್ತು. ಅಣ್ಣಾ ನಗರದಿಂದ ಎಗ್ಮೋರಿಗೆ ಬಸ್ಸಿನಲ್ಲಿ ಹೋಗಿ ಬಂದು ಸರ್ವಿಸ್ ಮುಗಿಸಿದರು. ನಿವೃತ್ತಿಯಾದ ಮೇಲೂ ಆ ಕೈ ಸುಮ್ಮನಿರಲಿಲ್ಲ. ಗಾಡಿಗಳ ಜಾಗಕ್ಕೆ ದೇಶದ ಕ್ರಿಕೆಟ್ ತಂಡವನ್ನು ತಂದು ನಿಲ್ಲಿಸಿದರು.

ಹಾಳೆಯ ಅಡ್ಡಕ್ಕೆ ಹನ್ನೆರಡು ತಿಂಗಳು. ತವರಿನ ಸರಣಿಗೆ ಕೆಂಪು ಪೆನ್ಸಿಲ್, ಹೊರದೇಶದ್ದಕ್ಕೆ ನೀಲಿ. ಗೆಲ್ಲುತ್ತೆ ಅನಿಸಿದರೆ ಗೆರೆ ಮೇಲಕ್ಕೆ, ಸೋಲುತ್ತೆ ಅನಿಸಿದರೆ ಕೆಳಕ್ಕೆ. ಇದೆಲ್ಲ ಚುಕ್ಕಿ ಗೆರೆ, ಅಂದರೆ ನಿರೀಕ್ಷೆ. ಸರಣಿ ಮುಗಿದ ದಿನ ಅದರ ಪಕ್ಕದಲ್ಲೇ ಇಂಕಿನ ಗೆರೆ ಬೀಳುತ್ತಿತ್ತು. ಡಿಸೆಂಬರಿನಲ್ಲಿ ಎರಡು ಗೆರೆಗಳ ನಡುವಿನ ಅಂತರ ನೋಡಿ ಭಾವ ತೀರ್ಪು ಕೊಡುತ್ತಿದ್ದರು: "ಈ ವರ್ಷ ಗಾಡಿ ಲೇಟು, ಆದ್ರೆ ಹಳಿ ತಪ್ಪಿಲ್ಲ." ಹಾಳೆ ವರ್ಷವಿಡೀ ಮಲಗುವ ಕೋಣೆಯ ಬೀರುವಿನ ಬಾಗಿಲ ಒಳಮೈಗೆ ಅಂಟಿರುತ್ತಿತ್ತು. ಸೀರೆ ತೆಗೆಯಲು ಬಾಗಿಲು ತೆರೆದಾಗಲೆಲ್ಲ ಅಕ್ಕನಿಗೆ ಮೊದಲು ಕಾಣುತ್ತಿದ್ದದ್ದು ತಂಡದ ಭವಿಷ್ಯ.

ಈ ವರ್ಷದ ಮೊದಲ ಭಾನುವಾರ ಮೇಜು ಖಾಲಿ ಇತ್ತು. ಭಾವನ ಬಲಗೈ ಮುಷ್ಟಿ ಕಟ್ಟಿಕೊಂಡು ಅವರ ತೊಡೆಯ ಮೇಲೆ ಬಿದ್ದಿತ್ತು.

ಯಾಕೆ ಬಿದ್ದಿತ್ತು ಎನ್ನುವುದನ್ನು ಹೇಳಬೇಕು. ಅದಕ್ಕೆ ಮುಂಚೆ ನನ್ನ ವಿಷಯ ಸ್ವಲ್ಪ. ತಿಪಟೂರು ಕಡೆಯಿಂದ ನಾನು ಈ ತಮಿಳು ಊರಿಗೆ ಬಂದಾಗ ನನ್ನ ಹತ್ತಿರ ಇದ್ದದ್ದು ಎರಡು ಜೊತೆ ಬಟ್ಟೆ, ಒಂದು ಬಾಯಿ. ಭಾವ ತಮ್ಮ ಆಗಿನ ರೈಲ್ವೆ ಕ್ವಾರ್ಟರ್ಸಿನ ವರಾಂಡದಲ್ಲಿ ಮಲಗಲು ಜಾಗ ಕೊಟ್ಟರು. ಬಾಯಿಂದ ನಾನು ಬದುಕಿದೆ. ಊರಂಚಿನ ಮಣಲಿಯ ಕಾರ್ಖಾನೆಗಳು ಬಿಚ್ಚಿ ಹಾಕಿದ ವಾಲ್ವು, ಪೈಪು, ಪಂಪುಗಳನ್ನು ಕೊಂಡು, ತಿರುಗುವುದನ್ನು ಬೇರೆ, ಕರಗಿಸುವುದನ್ನು ಬೇರೆ ಮಾಡಿ ಮಾರುವ ವ್ಯಾಪಾರ ನನ್ನದು. ಈ ವ್ಯಾಪಾರದ ಮೊದಲ ಪಾಠ ಯಾರಿಗೆ ಬೇಕಾದರೂ ಹೇಳಿಕೊಡುತ್ತೇನೆ: ಎದುರಿನವನು ಹೇಳಿದ ಸಂಖ್ಯೆಯನ್ನು ಅರ್ಧ ಮಾಡಿ ಮಾತು ಶುರು ಮಾಡು. ನಾಚಿಕೆ ಬೇಡ. ಅವನೂ ದುಪ್ಪಟ್ಟು ಮಾಡಿಯೇ ಹೇಳಿರುತ್ತಾನೆ. ಎಷ್ಟೋ ವರ್ಷದಿಂದ ಹೀಗೆ ಮಾಡಿ ಮಾಡಿ, ಸಂಖ್ಯೆ ಕಿವಿಗೆ ಬಿದ್ದರೆ ಸಾಕು, ನನ್ನ ನಾಲಿಗೆ ತಾನಾಗಿಯೇ ಅದನ್ನು ಅರ್ಧಕ್ಕೆ ಕತ್ತರಿಸುತ್ತಿತ್ತು.

ಇನ್ನೊಂದು ವಿಷಯ, ಆಟ ನೋಡುವ ನಿಯಮ. ಭಾವನ ಮನೆಯಲ್ಲಿ ಒಂದು ಜೊತೆಯಾಟ ಕುದುರಿತೆಂದರೆ ಯಾರೂ ಜಾಗ ಬಿಡುವಂತಿಲ್ಲ. ಕಾಲ ಮೇಲೆ ಕಾಲು ಹಾಕಿದ್ದರೆ ಹಾಗೇ ಇರಬೇಕು. ಬಾಗಿಲ ಬಳಿ ನಿಂತಿದ್ದರೆ ನಿಂತೇ ಇರಬೇಕು. ಒಮ್ಮೆ ಅಕ್ಕ ಸೌಟು ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ಇಪ್ಪತ್ತು ಓವರ್ ನಿಂತಿದ್ದಳು. ಒಲೆಯ ಮೇಲೆ ಬೇಳೆ ಸೀದುಹೋಯಿತು, ಪಂದ್ಯ ಗೆದ್ದೆವು. ಆ ಸೀದ ಬೇಳೆಯ ಸಾರನ್ನು ಮೂವರೂ ಪ್ರಸಾದದಂತೆ ಉಂಡೆವು. ಮನೆಮನೆಗೂ ಇಂಥದ್ದೊಂದು ಇರುತ್ತದೆ, ನಗಬೇಡಿ. ಈ ನಿಯಮವನ್ನು ಮಾಡಿದವರು ಭಾವ. ಪೊಲೀಸಿನವನಂತೆ ಕಾದವನು ನಾನು.

ಹೋದ ದೀಪಾವಳಿ ಕಳೆದ ಮೇಲೆ ತವರಿನಲ್ಲಿ ನಡೆದ ಒಂದು ಟೆಸ್ಟಿನ ಕೊನೆಯ ದಿನ. ಗೆಲುವು ಕೈತಪ್ಪಿತ್ತು, ಸೋಲದೆ ಉಳಿದರೆ ಸಾಕಿತ್ತು. ಭಾವ ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ, ನಾನು ದಿವಾನದ ಅಂಚಿನಲ್ಲಿ. ಮಧ್ಯಾಹ್ನ ಅಕ್ಕ ಬಂದು ಕೂತ ಎರಡನೇ ಚೆಂಡಿಗೇ ಏಳನೆಯ ವಿಕೆಟ್ ಬಿತ್ತು. ನಾನು ಅವಳ ಕಡೆ ನೋಡಿದೆ, ಅಷ್ಟೆ.

"ಗೊತ್ತಾಯ್ತು, ಗೊತ್ತಾಯ್ತು. ನಾನೇ ಶನಿ. ಬಾಲ್ಕನಿಗೆ ಹೋಗ್ತೀನಿ," ಎಂದು ಅಕ್ಕ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಎದ್ದಳು. "ನೀವಿಬ್ರು ಕರೆಯೋ ತನಕ ಒಳಗೆ ಬರಲ್ಲ, ಆಯ್ತಾ?"

"ಬಾಗಿಲು ಮುಚ್ಕೊಂಡು ಹೋಗಕ್ಕ," ಎಂದೆ.

ಅವಳು ಹೋದ ಮೇಲೆ ಎಂಟನೆಯ ಜೊತೆ ನಿಂತುಬಿಟ್ಟಿತು. ಬ್ಯಾಟಿಂಗ್ ಬಾರದ ಇಬ್ಬರು ಬೌಲರ್‌ಗಳು ಚೆಂಡನ್ನು ಮೈಗೆ, ಮೊಣಕೈಗೆ ಹೊಡೆಸಿಕೊಂಡು ನಿಂತಿದ್ದರು. ನಾನು ಉಸಿರು ಬಿಗಿ ಹಿಡಿದಿದ್ದೆ. ಆಗ ಭಾವ ಹೇಳಿದರು:

"ಲೋ, ಬಲಗೈ ಜೋಮು ಹಿಡ್ದೈತೆ ಕಣೋ."

"ಅಲ್ಲಾಡಿಸ್ಬ್ಯಾಡಿ ಭಾವ. ಇನ್ನು ಹನ್ನೆರಡೇ ಓವರ್."

ಸ್ವಲ್ಪ ಹೊತ್ತಿಗೆ ಅವರ ಕೈಯಲ್ಲಿದ್ದ ಮಜ್ಜಿಗೆ ಲೋಟ ಜಾರಿ ನೆಲಕ್ಕೆ ಬಿತ್ತು. ಮಜ್ಜಿಗೆ ನನ್ನ ಕಾಲಿನವರೆಗೂ ಹರಿದು ಬಂತು. "ಇರ್ಲಿ ಬಿಡಿ, ಆಮೇಲೆ ಒರೆಸಣ," ಎಂದೆ. ಭಾವ ನನ್ನತ್ತ ತಿರುಗಿ ನಕ್ಕರು. ನಗು ಒಂದೇ ಕಡೆಗೆ ಹೋಗಿತ್ತು. ನಮ್ಮ ಅವಸ್ಥೆಗೆ ತಾವೇ ನಗುತ್ತಿದ್ದಾರೆ ಅಂದುಕೊಂಡು ನಾನೂ ನಕ್ಕೆ. ಆಮೇಲೆ ಅವರು ಅಲ್ಲಾಡಲಿಲ್ಲ. ಕೊನೆಯ ಓವರ್‌ವರೆಗೂ ಅಲ್ಲಾಡಲಿಲ್ಲ. ಎಂಥ ನಿಷ್ಠೆ ಅಂದುಕೊಂಡೆ.

ಪಂದ್ಯ ಉಳಿಯಿತು. ನಾನು ಕೂಗಿಕೊಂಡು ಎದ್ದು ಅವರ ಹೆಗಲು ಹಿಡಿದು ಅಲ್ಲಾಡಿಸಿದೆ. ಅವರು ಬಲಕ್ಕೆ ವಾಲಿದರು. ಅಕ್ಕ ಓಡಿಬಂದಳು. "ಯಾವಾಗಾಯ್ತು? ಏನಾಯ್ತು?" ಎಂದಳು.

"ಈಗ ತಾನೆ ಅಕ್ಕ. ಈಗ್ಲೇ."

ಆಟೋ ಸಿಕ್ಕಿತು, ದಾರಿಯೂ ಸಿಕ್ಕಿತು. ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರಿನ ಪಕ್ಕ ಓಡುತ್ತಾ ಒಬ್ಬ ಹುಡುಗು ಮುಖದ ಡಾಕ್ಟರು ತಮಿಳಿನಲ್ಲಿ ಕೇಳಿದರು: ಯಾವಾಗ ಶುರುವಾಯಿತು? ನಿಜವಾದ ಉತ್ತರ ಒಂದು ಗಂಟೆಗೂ ಮೇಲಿತ್ತು. ನನ್ನ ನಾಲಿಗೆ ಅರ್ಧಕ್ಕೆ ಕತ್ತರಿಸಿತು.

"ಅರ ಮಣಿ ನೇರಂ, ಸರ್." ಅರ್ಧ ಗಂಟೆ.

"ಬೇಗ ಕರ್ಕೊಂಡು ಬಂದಿದ್ದೀರ," ಎಂದು ಡಾಕ್ಟರು ನನ್ನ ಬೆನ್ನು ತಟ್ಟಿ ಒಳಗೆ ಹೋದರು.

ಲಕ್ವ ಎಂದರು, ಮಿದುಳಿನ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಟ್ಟರು. ಜೀವ ಉಳಿಯಿತು, ಕಾಲು ತಿರುಗಿ ಬಂತು. ಬಲಗೈ ಬರಲಿಲ್ಲ, ಮಾತು ಒಂದೊಂದೇ ಪದವಾಗಿ ಬಂತು. ನೋಡಲು ಬಂದ ನೆಂಟರಿಷ್ಟರಿಗೆಲ್ಲ ಅಕ್ಕ ಹೇಳುತ್ತಿದ್ದಳು: "ನನ್ನ ತಮ್ಮ ಪಕ್ಕದಲ್ಲಿದ್ದ, ನಮ್ಮ ಪುಣ್ಯ. ಒಂದ್ ನಿಮಿಷ ತಡ ಮಾಡ್ಲಿಲ್ಲ." ನಾನು ಹಣ್ಣಿನ ಚೀಲ ಒಳಗಿಡುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ನನಗೆ ಪರಿಚಯದ ಬೇರೊಬ್ಬ ಡಾಕ್ಟರನ್ನು ಯಾರದೋ ಕಥೆ ಎಂಬಂತೆ ಕೇಳಿ ನೋಡಿದೆ. ಒಂದು ಗಂಟೆ ಎಂದು ಹೇಳಿದ್ದರೂ ಇಂಜೆಕ್ಷನ್ ಕೊಡುತ್ತಿದ್ದರಂತೆ, ಆದರೆ ಸಮಯ ಸುಳ್ಳು ಹೇಳುವುದು ಬೆಂಕಿಯ ಜೊತೆ ಆಡಿದ ಹಾಗಂತೆ. ಮುಂಚೆಯೇ ತಂದಿದ್ದರೆ ಕೈ ಉಳಿಯುತ್ತಿತ್ತೇ? "ಅದನ್ನ ಯಾರೂ ಹೇಳೋಕಾಗಲ್ಲ. ಪ್ರತಿ ನಿಮಿಷಕ್ಕೂ ಬೆಲೆ ಇದೆ," ಎಂದರು. ಬೆಲೆ ಎಂಬ ಮಾತನ್ನು ನಾನು ಜೀವಮಾನವೆಲ್ಲ ಕೇಳಿದ್ದೇನೆ. ಅವತ್ತಿನ ಹಾಗೆ ಯಾವತ್ತೂ ಕೇಳಿಸಿರಲಿಲ್ಲ.

ಈಗ ಜನವರಿಯ ಆ ಭಾನುವಾರಕ್ಕೆ ಬರುತ್ತೇನೆ. ಕೈ ತಿರುಗಿ ಬರುವುದಿದ್ದರೆ ಮೊದಲ ಆರು ತಿಂಗಳಲ್ಲೇ ಹೆಚ್ಚು ಬರುತ್ತದೆ, ದಿನವೂ ಅದನ್ನು ದುಡಿಸಬೇಕು ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಎರಡು ತಿಂಗಳು ಆಗಲೇ ಹೋಗಿತ್ತು. ದಿನವೂ ಬೆಳಿಗ್ಗೆ ಫಿಸಿಯೋಥೆರಪಿ ಮಾಡಿಸುವ ತಮಿಳು ಹೆಂಗಸೊಬ್ಬರು ಬರುತ್ತಿದ್ದರು. "ಕೈಯ ತೊರಂಗ ಅಯ್ಯಾ," ಕೈ ಬಿಡಿಸಿ ಎಂದು ಅವರು ಗೋಗರೆಯುತ್ತಿದ್ದರು. ಭಾವ ಗೋಡೆ ನೋಡುತ್ತಿದ್ದರು. "ಪರವಾಯಿಲ್ಲ, ನಾಳೈಕ್ಕು ಪಾಪ್ಪೋಂ," ನಾಳೆ ನೋಡೋಣ ಎಂದು ಆಕೆ ಟವೆಲು ಮಡಿಸಿಟ್ಟು ಹೋಗುತ್ತಿದ್ದರು. ಹೀಗೆ ಎಷ್ಟು ನಾಳೆಗಳು ಕಳೆದವೋ.

ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದಳು: "ನಿನ್ ಮಾತು ಕೇಳ್ತಾರೆ. ಮಣಲಿಲಿ ಎಂಥೆಂಥೋರ ಹತ್ರ ವ್ಯಾಪಾರ ಕುದುರಿಸ್ತೀಯ, ಇವರೊಬ್ರನ್ನ ಒಪ್ಸಕ್ಕಾಗಲ್ವ? ಆ ಆಟದ ಹಾಳೆ ತಗೊಂಡು ಕೂತ್ಕೋ. ಅದಕ್ಕಾದ್ರೂ ಕೈ ಎತ್ತುತಾರೇನೋ."

ಹೊಸ ಹಾಳೆ ತರಿಸಿದ್ದೆ. ಮೇಜು ಒರೆಸಿ ನಾನೇ ಹರಡಿದೆ, ಲೋಟ ಇಟ್ಟೆ, ಕೆಂಪು ನೀಲಿ ಪೆನ್ಸಿಲ್ ಚೂಪು ಮಾಡಿ ಜೋಡಿಸಿದೆ. ಭಾವನನ್ನು ಕುರ್ಚಿಗೆ ತಂದು ಕೂರಿಸಿದೆ.

"ನೋಡಿ ಭಾವ, ವರ್ಷ ಹೆಂಗೈತೆ ಅಂತ ನಾನು ಹೇಳ್ತೀನಿ, ನೀವು ಗೆರೆ ಎಳೀರಿ. ಒಂದ್ ಗೆರೆಗೆ ಹತ್ತು ಸಲ ಕೈ ಬಿಡಿಸ್ಬೇಕು. ಇದು ನನ್ ಬೆಲೆ. ನೀವು ಐದು ಅನ್ನಿ, ಏಳಕ್ಕೆ ಮುಗಿಸಣ."

ಭಾವ ಗೋಡೆಯತ್ತ ತಿರುಗಿದರು. ನಾನು ಬಿಡಲಿಲ್ಲ. ತಂಡದ ಪರಿಸ್ಥಿತಿಯನ್ನು ಬಿಡಿಸಿ ಹೇಳಿದೆ. ಅದನ್ನು ಇಲ್ಲಿಯೂ ಹೇಳುತ್ತೇನೆ, ಯಾಕೆಂದರೆ ಅದು ಅವತ್ತಿಗೂ ನಿಜ, ಇವತ್ತಿಗೂ ನಿಜ. ಚಿಕ್ಕ ಆಟದಲ್ಲಿ ನಮ್ಮವರನ್ನು ಹಿಡಿಯುವುದು ಕಷ್ಟ. ಹೆದರಿಕೆಯೇ ಗೊತ್ತಿಲ್ಲದ ಹುಡುಗರು. ಒಬ್ಬ ಹೋದರೆ ಇನ್ನೊಬ್ಬ ಅದೇ ಗತ್ತಿನಲ್ಲಿ ಬರುತ್ತಾನೆ. ಐದು ದಿನದ ಆಟದ ಕಥೆಯೇ ಬೇರೆ. ಹಿರಿಯರು ಬಿಳಿ ಬಟ್ಟೆ ಕಳಚಿಟ್ಟು ಹೋದರು. ಮೂರನೆಯ ಕ್ರಮಾಂಕಕ್ಕೆ ಯಾರು ಬರುತ್ತಾರೆ ಎನ್ನುವುದು ಟಾಸ್ ಆದ ಮೇಲೇ ಗೊತ್ತಾಗುತ್ತದೆ. ಒಂದು ಕಾಲಕ್ಕೆ ನಮ್ಮ ನೆಲಕ್ಕೆ ಬಂದವರು ತಿರುಗುವ ಚೆಂಡಿಗೆ ತಡವರಿಸಿ ಮನೆಗೆ ಹೋಗುತ್ತಿದ್ದರು. ಈಗ ನಮಗೆ ನಾವೇ ತೋಡಿದ ಗುಂಡಿಗೆ ನಾವೇ ಬೀಳುತ್ತಿದ್ದೇವೆ. ವೇಗದ ಬೌಲಿಂಗ್ ಎಂದರೆ ಒಬ್ಬನ ಬೆನ್ನು. ಆ ಬೆನ್ನು ಎಷ್ಟು ಪಂದ್ಯ ತಾಳುತ್ತದೆ ಎನ್ನುವುದರ ಮೇಲೆ ವರ್ಷ ನಿಂತಿದೆ.

ವ್ಯಾಪಾರದ ಕಣ್ಣಿನಿಂದ ನೋಡಿದರೆ ಇದು ಹಳೇ ಕಾರ್ಖಾನೆಯೊಂದನ್ನು ಬಿಚ್ಚಿ ಹೊಸದು ಕಟ್ಟುವ ಹಂತ. ಈ ಹಂತದಲ್ಲಿ ಉತ್ಪಾದನೆ ಕಡಿಮೆ, ಸದ್ದು ಜಾಸ್ತಿ. ಕೊಳ್ಳುವವನು ಅವಸರ ಮಾಡಬಾರದು.

"ಆ ಬೌಲರ್ ಬೆನ್ನು ನೋಡಿ ಭಾವ," ಎಂದೆ. "ದಿನಾ ಗಂಟೆಗಟ್ಲೆ ದುಡೀತಾನೆ, ಆರು ಚೆಂಡು ಹಾಕೋದಕ್ಕೆ. ನೀವು ಆರು ಸಲ ಬೆರಳು ಬಿಡಿಸಲ್ಲ ಅಂದ್ರೆ ಹೆಂಗೆ?"

"ಬ್ಯಾಡ," ಎಂದರು ಭಾವ.

"ಸರಿ, ಬರೀ ತವರಿನ ಸರಣಿ ಎಳೀರಿ. ಕೆಂಪು. ಅಷ್ಟು ಸಾಕು. ನಾನು ಇಳಿದಿದ್ದೀನಲ್ಲ."

"ಬ್ಯಾಡ."

"ಯಾಕ್ ಬ್ಯಾಡ? ಮೂರ್ ಸಲ. ಇದಕ್ಕಿಂತ ಕೆಳಗೆ ನನಗೂ ಕಟ್ಟಲ್ಲ ಭಾವ."

ಅಕ್ಕ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ನಗುವೋ ಅಳುವೋ ಗೊತ್ತಾಗಲಿಲ್ಲ. ಭಾವ ನನ್ನನ್ನು ಬಹಳ ಹೊತ್ತು ನೋಡಿದರು. ಬಾಯಿಯ ಎಡಗಡೆ ಅಲುಗಿತು. ಪದ ಹುಡುಕುತ್ತಿದ್ದಾರೆ ಅಂದುಕೊಂಡೆ. ಅವರು ಹುಡುಕುತ್ತಿರಲಿಲ್ಲ. ಇಟ್ಟುಕೊಂಡಿದ್ದನ್ನು ಹೊರಗೆ ತೆಗೆಯುತ್ತಿದ್ದರು.

"ಅರ... ಮಣಿ... ನೇರಂ," ಎಂದರು.

ನನ್ನ ಕೈಯಲ್ಲಿದ್ದ ಪೆನ್ಸಿಲ್ ಕೆಳಗಿಟ್ಟೆ. ಸ್ಟ್ರೆಚರಿನ ಮೇಲೆ ಅವರಿಗೆ ಪ್ರಜ್ಞೆ ಇತ್ತು. ಕೇಳಿಸಿತ್ತು. ಡಾಕ್ಟರು ಬೆನ್ನು ತಟ್ಟಿದ್ದನ್ನು ನೋಡಿದ್ದರು. ಅಕ್ಕ ಬಂದವರ ಮುಂದೆಲ್ಲ ಹೊಗಳಿದ್ದನ್ನು ಅದೇ ಕೋಣೆಯಲ್ಲಿ ಮಲಗಿಕೊಂಡು ಎರಡು ತಿಂಗಳು ಕೇಳಿದ್ದರು. ಹೇಳಲು ಪದ ಇರಲಿಲ್ಲ. ಪದ ಬಂದ ಮೇಲೂ ನಾನೇ ಹೇಳಲಿ ಎಂದು ಕಾದಿದ್ದರು. ಸಂಖ್ಯೆ ಸುಳ್ಳು ಹೇಳಿದವನು ಈಗ ಹತ್ತು, ಏಳು, ಮೂರು ಎಂದು ಬಂದು ಕೂತರೆ ಯಾರು ತಾನೇ ವ್ಯಾಪಾರ ಮಾಡುತ್ತಾರೆ? ಮಣಲಿಯಲ್ಲಿ ಒಮ್ಮೆ ತೂಕದಲ್ಲಿ ಮೋಸ ಮಾಡಿದವನ ಅಂಗಳಕ್ಕೆ ನಾನೇ ಮತ್ತೆ ಕಾಲಿಟ್ಟವನಲ್ಲ.

"ಏನಂದ್ರು?" ಎಂದು ಅಕ್ಕ ಕೇಳಿದಳು.

"ಕೂತ್ಕೋ ಅಕ್ಕ," ಎಂದೆ. ಅವಳು ಕೂರಲಿಲ್ಲ. ನಿಂತೇ ಕೇಳಿದಳು. ಜೋಮು ಹಿಡಿದಿದೆ ಎಂದದ್ದು, ಅಲ್ಲಾಡಿಸಬೇಡಿ ಎಂದದ್ದು, ಮಜ್ಜಿಗೆ ಲೋಟ, ಒಂದು ಕಡೆಯ ನಗು, ಹನ್ನೆರಡು ಓವರ್, ಆಸ್ಪತ್ರೆಯ ಬಾಗಿಲಲ್ಲಿ ಅರ್ಧ ಗಂಟೆ. ಎಲ್ಲ ಹೇಳಿದೆ. ಎಷ್ಟು ಹೊತ್ತು ಎನ್ನುವುದನ್ನು ಈ ಸಲ ಪೂರ್ತಿ ಹೇಳಿದೆ. ಹೇಳುವಾಗ ಭಾವನ ಮುಖ ನೋಡಲಾಗಲಿಲ್ಲ. ಖಾಲಿ ಹಾಳೆಯ ತಿಂಗಳುಗಳನ್ನು ನೋಡುತ್ತಾ ಹೇಳಿದೆ.

ಅಕ್ಕ ಮಾತಾಡಿದಾಗ ನನ್ನ ಕಡೆ ನೋಡಲಿಲ್ಲ.

"ನಿನ್ನನ್ನ ವರಾಂಡದಲ್ಲಿ ಮಲಗಿಸಿ ಅನ್ನ ಹಾಕಿದ್ ಕೈ ಅದು," ಎಂದಳು. "ಹನ್ನೆರಡು ಓವರ್‌ಗೆ ಮಾರಿಬಿಟ್ಯಲ್ಲೋ."

ಯಾವ ಮಾತಿಗೂ ಎದುರು ಮಾತು ಇಟ್ಟುಕೊಂಡಿರುವವನು ನಾನು. ಅವತ್ತು ಎರಡು ಪೆನ್ಸಿಲ್ಲನ್ನೂ ಎತ್ತಿಟ್ಟೆ.

ಅಕ್ಕ ಬಾಲ್ಕನಿಗೆ ಹೋದಳು. ಹತ್ತು ನಿಮಿಷವಾಯಿತು. ಕೆಳಗೆ ತರಕಾರಿ ಗಾಡಿಯವನು ಕೂಗುತ್ತಿದ್ದ; ಯಾವತ್ತೂ ಮೇಲಿಂದಲೇ ಚೌಕಾಶಿ ಮಾಡುವ ಅಕ್ಕ ಅವತ್ತು ದನಿ ಎತ್ತಲಿಲ್ಲ. ಗಾಡಿ ಮುಂದಕ್ಕೆ ಹೋಯಿತು. ಅವಳು ತಿರುಗಿ ಬಂದು ಭಾವನ ಕುರ್ಚಿಯ ಹಿಂದೆ ನಿಂತಳು.

"ನಂಗೂ ಕೇಳಿಸ್ತು," ಎಂದಳು, ಭಾವನಿಗೆ. "ಲೋಟ ಬಿದ್ದ ಸದ್ದು. ಸೊಪ್ಪು ಬಿಡಿಸ್ತಿದ್ದೆ. ಏನ್ ಬಿತ್ತು ಅಂತ ಎದ್ದೂ ನಿಂತೆ. ಈಗ ಒಳಗೆ ಹೋದ್ರೆ ಇಬ್ರೂ ಬೈತೀರ, ಏನಾದ್ರೂ ಔಟಾದ್ರೆ ನನ್ ತಲೇಗೇ ಕಟ್ತೀರ ಅಂತ ಮತ್ತೆ ಕೂತ್ಕೊಂಡೆ. ಇಷ್ಟು ದಿನ ನಾನೂ ಹೇಳ್ಲಿಲ್ಲ."

ಭಾವ ಎಡಗೈಯನ್ನು ಹೆಗಲ ಮೇಲಿಂದ ಹಿಂದಕ್ಕೆ ಚಾಚಿದರು. ಅಕ್ಕ ಅದನ್ನು ಹಿಡಿದುಕೊಂಡಳು. ಆಮೇಲೆ ಭಾವ ಹೇಳಿದರು:

"ರೂಲು... ನಂದು."

ಜಾಗ ಬಿಡಬಾರದೆಂಬ ನಿಯಮ ತಮ್ಮದು ಎಂದರ್ಥ. ಅಷ್ಟೇ ಹೇಳಿದರು. ನನ್ನನ್ನು ಕ್ಷಮಿಸಿದೆ ಎಂದು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಕ್ಷಮೆಯನ್ನು ಚೌಕಾಶಿ ಮಾಡಿ ತೆಗೆದುಕೊಳ್ಳಬಾರದು ಎನ್ನುವಷ್ಟು ಬುದ್ಧಿ ನನಗೂ ಇದೆ. ಅಕ್ಕ ಆ ವಾರವೆಲ್ಲ ನನ್ನೊಡನೆ ಮಾತಾಡಲಿಲ್ಲ. ಕಾಫಿ ಕೊಡುತ್ತಿದ್ದಳು, ಸಕ್ಕರೆ ಇಲ್ಲದೆ. ಬೇಕೆಂದೇ ಹಾಕುತ್ತಿರಲಿಲ್ಲವೋ ಮರೆಯುತ್ತಿದ್ದಳೋ ಎಂದು ಕೇಳುವ ಧೈರ್ಯ ಬರಲಿಲ್ಲ; ಹಾಗೇ ಕುಡಿದೆ.

ಆ ಭಾನುವಾರದ ಮರುದಿನ ಬೆಳಿಗ್ಗೆ ಫಿಸಿಯೋಥೆರಪಿಯ ಹೆಂಗಸು ಬರುವ ಹೊತ್ತಿಗೆ ನಾನೂ ಹೋಗಿ ಕೂತೆ. ಆಕೆ ಟವೆಲು ಬಿಡಿಸಿ, "ಕೈಯ ತೊರಂಗ ಅಯ್ಯಾ," ಎಂದರು. ಭಾವ ನನ್ನತ್ತ ನೋಡಿದರು. "ಎಷ್ಟು?" ಎಂದರು. ನಾನು ಸಂಖ್ಯೆ ಹೇಳಲಿಲ್ಲ. ಆಕೆಯನ್ನೇ ಕೇಳಿದೆ. ಒಂದು ಸರತಿಗೆ ಹತ್ತು, ಎಚ್ಚರವಿರುವಷ್ಟು ಹೊತ್ತು ಅರ್ಧ ಗಂಟೆಗೊಮ್ಮೆ ಎದ್ದು ಕಿಟಕಿಯವರೆಗೆ ನಡೆದು ಬರಬೇಕು, ಅಲ್ಲಿ ಕಂಬಿಯ ಮೇಲೆ ಕೈ ಇಟ್ಟು ಬೆರಳು ಬಿಡಿಸಬೇಕು ಎಂದರು. ಅದನ್ನು ಹಾಗೇ ಭಾವನಿಗೆ ದಾಟಿಸಿದೆ. ಹತ್ತನ್ನು ಒಂಬತ್ತು ಮಾಡಲಿಲ್ಲ. ಭಾವ ತಲೆದೂಗಿದರು. ನನ್ನ ಎದೆಯತ್ತ ಎಡಗೈ ಬೆರಳು ತೋರಿಸಿ, "ನೀನು. ಟೈಮು," ಎಂದರು.

ಹೊತ್ತು ನೋಡಿ ಹೇಳುವ ಕೆಲಸ ನನಗೆ ಬಿತ್ತು. ಸಂಜೆ ವ್ಯಾಪಾರ ಮುಗಿಸಿ ಮಣಲಿಯಿಂದ ನೇರವಾಗಿ ಭಾವನ ಮನೆಗೆ ಹೋಗುತ್ತೇನೆ. ಓದುವವರಿಗೆ ಒಂದು ಬುದ್ಧಿಮಾತು, ಬೇಡವೆಂದರೂ ಹೇಳುತ್ತೇನೆ: ಹಿಡಿದುಕೊಂಡ ವಾಲ್ವನ್ನು ಬಲ ಹಾಕಿ ತಿರುಗಿಸಿದರೆ ಮುರಿಯುತ್ತದೆ, ಬಿಟ್ಟರೆ ತುಕ್ಕು ಹಿಡಿಯುತ್ತದೆ. ಎಣ್ಣೆ ಬಿಟ್ಟು ದಿನಕ್ಕೆ ಕೂದಲೆಳೆಯಷ್ಟು ತಿರುಗಿಸಬೇಕು. ಇದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಇನ್ನೊಂದು ಮಾತು ಈಗ ಗೊತ್ತಾಗಿದೆ: ಆಸ್ಪತ್ರೆಯ ಬಾಗಿಲಲ್ಲಿ ಸಮಯ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮನೆಯಲ್ಲಿ ಯಾರಾದರೂ ಕೈ ಜೋಮು ಎಂದರೆ, ದೇಶವೇ ಸೋಲಲಿ, ಎದ್ದು ಹೋಗಿ ಅವರ ಮುಖ ನೋಡಿ.

ಹಾಳೆಯ ವಿಷಯ. ಫಿಸಿಯೋಥೆರಪಿಯ ಹೆಂಗಸೇ ಪೆನ್ಸಿಲ್ಲಿಗೆ ಹಳೇ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟರು. ಭಾವ ಅದನ್ನು ಬಲಮುಷ್ಟಿಗೆ ತುರುಕಿಕೊಂಡು, ಎಡಗೈಯಿಂದ ಬಲಗೈಯನ್ನು ಹಾಳೆಯ ಮೇಲೆ ತಳ್ಳಿಕೊಂಡು, ವರ್ಷದ ಮೊದಲ ಸರಣಿಯ ಗೆರೆ ಎಳೆದರು. ತವರಿನ ಒಂದು ದಿನದ ಪಂದ್ಯಗಳು. ಕೆಂಪು ಚುಕ್ಕಿಗಳು ಸಾಲಾಗಿ ನಿಲ್ಲಲಿಲ್ಲ, ಒಂದೊಂದು ಒಂದೊಂದು ಕಡೆ. ಆದರೂ ಮೇಲಕ್ಕೆ ಹೋಗುತ್ತಿದ್ದವು. ಐದು ದಿನದ ಸರಣಿಯ ತಿಂಗಳಿಗೆ ಬಂದಾಗ ನಾನು, "ಮೇಲಕ್ಕೇ ಎಳೀರಿ ಭಾವ, ಹುಡುಗ್ರು ಕಲೀತಾರೆ," ಎಂದೆ. ಅವರು ತಲೆಯಾಡಿಸಿ ಕೆಳಕ್ಕೆ ಎಳೆದರು. "ಮೂರನೇ... ನಂಬರು... ಇಲ್ಲ," ಎಂದರು. ಅದಕ್ಕಿಂತ ಚೆನ್ನಾಗಿ ಈ ತಂಡದ ಮುಂದಿರುವ ವರ್ಷವನ್ನು ಯಾವ ಪಂಡಿತನೂ ಹೇಳಿದ್ದನ್ನು ನಾನು ಕೇಳಿಲ್ಲ. ಮುಂದಿನ ತಿಂಗಳುಗಳನ್ನು ಖಾಲಿ ಬಿಟ್ಟರು. ಕೈ ದಣಿದಿತ್ತು.

ಆ ಮೊದಲ ಸರಣಿಯ ಒಂದು ಪಂದ್ಯ ಮುಂದಿನ ಭಾನುವಾರವೇ ಬಂತು. ಸಂಜೆ ನಮ್ಮವರು ರನ್ ಬೆನ್ನಟ್ಟುತ್ತಿದ್ದರು. ನಾಲ್ಕು ಹೋಗಿ ಐದನೆಯ ಜೊತೆ ಕುದುರಿತ್ತು. ಅಕ್ಕ ಸೊಪ್ಪಿನ ಬುಟ್ಟಿಯೊಡನೆ ಅಭ್ಯಾಸಬಲದಿಂದ ಬಾಲ್ಕನಿಗೆ ಹೊರಟವಳು ಬಾಗಿಲಲ್ಲೇ ನಿಂತಳು. ತಿರುಗಿ ಬಂದು ದಿವಾನದ ಮೇಲೆ ನನ್ನ ಪಕ್ಕ ಕೂತು ಬಿಡಿಸತೊಡಗಿದಳು. ಒಂದು ಸೊಪ್ಪಿನ ಕಟ್ಟನ್ನು ನನ್ನ ಮಡಿಲಿಗೂ ಹಾಕಿದಳು. ಒಂದು ವಾರದಲ್ಲಿ, ಆ ಸಕ್ಕರೆ ಇಲ್ಲದ ಕಾಫಿ ಬಿಟ್ಟರೆ, ಅವಳು ನನ್ನ ಕಡೆಗೆ ಮಾಡಿದ ಮೊದಲ ಕೆಲಸ ಅದು.

ಗಡಿಯಾರ ನೋಡಿದೆ. ಹೊತ್ತಾಗಿತ್ತು. ಪರದೆಯ ಮೇಲೆ ಬೌಲರ್ ಓಟ ಶುರು ಮಾಡುತ್ತಿದ್ದ. ಇನ್ನೊಂದು ಓವರ್ ಮುಗಿಯಲಿ ಎಂದು ನಾಲಿಗೆಯ ತುದಿಗೆ ಬಂತು. ಭಾವ ಟಿವಿ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು.

"ಭಾವ, ಅರ್ಧ ಗಂಟೆ ಆಯ್ತು," ಎಂದೆ.

ಅವರು ಕೋಲು ಊರಿ ಎದ್ದರು. ಎರಡು ಹೆಜ್ಜೆ ಇಟ್ಟಿದ್ದರು, ಅಷ್ಟರಲ್ಲಿ ಸ್ಟಂಪು ಹಾರಿತು.

"ಬಿತ್ತಾ?" ಎಂದಳು ಅಕ್ಕ, ತಲೆ ಎತ್ತದೆ.

"ಬಿತ್ತು."

"ಬೀಳ್ಲಿ ಬಿಡು."

ಭಾವ ತಿರುಗಿ ನೋಡಲಿಲ್ಲ. ಕಿಟಕಿಯವರೆಗೆ ನಡೆದು, ಎಡಗೈಯಿಂದ ಬಲಗೈಯನ್ನು ಎತ್ತಿ ಕಂಬಿಯ ಮೇಲಿಟ್ಟರು. ನಾನು ಎದ್ದು ಪಕ್ಕಕ್ಕೆ ಹೋಗಿ ಎಣಿಸತೊಡಗಿದೆ. ಒಂದು. ಎರಡು. ನಾಲ್ಕನೆಯ ಸಲಕ್ಕೆ ಹೆಬ್ಬೆರಳು ಸ್ವಲ್ಪ ಬಿಟ್ಟಿತು, ಅದರ ಪಕ್ಕದ್ದೂ ಬಿಟ್ಟಿತು. ಉಳಿದ ಮೂರು ಮುಚ್ಚಿಕೊಂಡೇ ಇದ್ದವು. ಭಾವ ನನ್ನ ಮುಖ ನೋಡಿದರು.

"ಎರಡು ಬೆರಳು," ಎಂದೆ.

ಅವರು ತಲೆದೂಗಿ ಐದನೆಯ ಸಲಕ್ಕೆ ಕೈ ಎತ್ತಿದರು.